ಒಣಗಿಸಿದ ಅಚ್ಚುಗಳು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಬೀಳ್ಕೊಡುಗೆಯ ದಿನ ನನ್ನನ್ನು ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ಒಬ್ಬರಾದ ಮೇಲೊಬ್ಬರು ಮೈಕು ಹಿಡಿದು, ಶಾರದಾ ಮೇಡಂ ಇಷ್ಟು ವರ್ಷ ಮಕ್ಕಳನ್ನು ಮೋಲ್ಡ್ ಮಾಡಿದರು ಎಂದರು. ನಾಲ್ಕನೆಯವರೂ ಅದನ್ನೇ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಮೇಡಂ ಅಳುತ್ತಿದ್ದಾರೆ ಎಂದುಕೊಂಡು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಪದವನ್ನು ಹಾಗೆ ಹಗುರವಾಗಿ ಆಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಒಂದು ಮೋಲ್ಡನ್ನಾದರೂ ಕೈಯಾರೆ ಮಾಡಿ, ಒಂದನ್ನಾದರೂ ಕೈಯಾರೆ ಹಾಳು ಮಾಡಿದವರು ಮಾತಾಡಲಿ ಎನಿಸುತ್ತದೆ. ನಾನು ಎರಡನ್ನೂ ಮಾಡಿದ್ದೇನೆ, ಅದೂ ಹನ್ನೆರಡನೆಯ ವಯಸ್ಸಿನಲ್ಲಿ, ತುಮಕೂರಿನ ಶಿರಾ ಗೇಟಿನ ಹತ್ತಿರ ನಾವಿದ್ದ ವಠಾರದ ಮನೆಯಲ್ಲಿ.

ವಠಾರ ಎಂದರೆ ಒಂದೇ ಸಾಲಿಗೆ ನಾಲ್ಕು ಮನೆ, ನಾಲ್ಕಕ್ಕೂ ಸೇರಿ ಒಂದು ನಲ್ಲಿ. ನಮ್ಮದು ಕೊನೆಯದು. ಮುಂದೆ ಒಂದು ಕೋಣೆ. ಅದನ್ನು ಹಾಲ್ ಎಂದು ಕರೆಯುವ ಧೈರ್ಯ ಅಮ್ಮನಿಗೆ ಮಾತ್ರ ಇತ್ತು. ಹಿಂದೆ ಅಡುಗೆಮನೆ, ಅದರ ಮಗ್ಗುಲಿಗೆ ಹಂಡೆ ಹೂಡಿದ ಬಚ್ಚಲು, ಆಮೇಲೆ ಒಂದು ಚಾಪೆ ಹಾಸುವಷ್ಟು ಹಿತ್ತಲು. ಮೇಲೆ ಹೆಂಚು. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಎನ್ನುತ್ತಿದ್ದವು. ಯಾವ ಲಾರಿಗೆ ಲೋಡ್ ಇದೆ, ಯಾವುದು ಖಾಲಿ ಎಂದು ನಾನು ಲೋಟದ ಸದ್ದಿನಿಂದಲೇ ಹೇಳುತ್ತಿದ್ದೆ. ನಮ್ಮ ಎದುರಿಗೇ ಮಾಲೀಕರದು ಮೋಲ್ಡ್ ಮನೆ. ತಾರಸಿಗೆ ಕಾಂಕ್ರೀಟು ಹಾಕಿದ ಮನೆಗೆ ನಮ್ಮ ಕಡೆ ಹಾಗೆಯೇ ಹೇಳುವುದು. ‘ಅವರದ್ದು ಮೋಲ್ಡ್ ಮನೆ’ ಎನ್ನುವಾಗ ಅಮ್ಮನ ದನಿ ಒಂದಿಷ್ಟು ಇಳಿಯುತ್ತಿತ್ತು. ಮಳೆ ಬಂದಾಗ ನಮ್ಮ ಮನೆಯೊಳಗೆ ಎಲ್ಲೆಲ್ಲಿ ಪಾತ್ರೆ ಇಡಬೇಕು ಎಂಬುದು ಅವಳಿಗೆ ಬಾಯಿಪಾಠವಾಗಿತ್ತು.

ಅಪ್ಪ ಅಂತರಸನಹಳ್ಳಿಯ ಒಂದು ಫೌಂಡ್ರಿಯಲ್ಲಿ ಮೋಲ್ಡರ್. ಕಬ್ಬಿಣ ಕರಗಿಸುವವರು ಬೇರೆ, ಕರಗಿದ ಕಬ್ಬಿಣಕ್ಕೆ ಜಾಗ ಮಾಡಿಕೊಡುವವನು ಅಪ್ಪ. ಮರದಲ್ಲಿ ಕೆತ್ತಿದ ಒಂದು ಚಕ್ರವನ್ನೋ ಮುಚ್ಚಳವನ್ನೋ ಅವನು ಬಾಕ್ಸ್ ಎನ್ನುತ್ತಿದ್ದ ಪೆಟ್ಟಿಗೆಯಲ್ಲಿಟ್ಟು, ಸುತ್ತ ಕಪ್ಪು ಮರಳು ತುಂಬಿ, ಕುಟ್ಟಿ ಗಟ್ಟಿ ಮಾಡಿ, ಆ ಮರದ ತುಂಡನ್ನು ಕೂದಲೆಳೆಯಷ್ಟೂ ಅಲುಗದಂತೆ ಮೇಲೆತ್ತಿದರೆ ಮರಳಿನಲ್ಲಿ ಅದರ ಆಕಾರದ ಹಳ್ಳ ಉಳಿಯುತ್ತದೆ. ಅದೇ ಮೋಲ್ಡ್. ಕಬ್ಬಿಣ ಹುಯ್ದು, ಆರಿದ ಮೇಲೆ ಮರಳು ಒಡೆದು ಮಾಲು ತೆಗೆಯುತ್ತಾರೆ. ಅಪ್ಪ ಸಂಜೆ ಸೈಕಲ್ ಒರಗಿಸಿದ ಕೂಡಲೆ ‘ಇವತ್ತು ಹದಿನಾರು ಮೋಲ್ಡ್ ಎತ್ದೆ’ ಎನ್ನುತ್ತಿದ್ದ. ಅಮ್ಮ ‘ಆ ಹದಿನಾರರ ಮರಳೂ ನಿಮ್ಮ ಪ್ಯಾಂಟಲ್ಲೇ ಅದೆ, ಒಳಗೆ ಬರಬ್ಯಾಡಿ’ ಎನ್ನುತ್ತಿದ್ದಳು. ಇದು ದಿನದ ಜಗಳ. ಪ್ಯಾಂಟಿನ ಮಡಿಕೆಯಲ್ಲಿ, ಹಾಸಿಗೆಯಲ್ಲಿ, ಒಮ್ಮೊಮ್ಮೆ ಅನ್ನದಲ್ಲೂ ಆ ಕಪ್ಪು ಮರಳು ಸಿಗುತ್ತಿತ್ತು. ಅಮ್ಮ ಗುಬ್ಬಿಯವಳು, ಚೊಕ್ಕಟ ಎಂದರೆ ಪ್ರಾಣ ಬಿಡುವವಳು. ಅವಳಿಗೆ ಮೋಲ್ಡ್ ಎಂಬ ಪದವೇ ಸೇರದು. ಅವಳ ಪಾಲಿಗೆ ಅದು ಅಚ್ಚು, ಅದೂ ಅಡುಗೆಮನೆಗೆ ಸೇರಿದ್ದು.

ನಮ್ಮ ಸ್ಕೂಲಿನ ಹೆಡ್‌ಮಾಸ್ಟರ್ ಒಮ್ಮೆ ಅಪ್ಪನನ್ನು ಕರೆಸಿ, ‘ಹುಡುಗಿ ಚುರುಕು, ಬಾಯಿ ಜಾಸ್ತಿ, ಸ್ವಲ್ಪ ಮೋಲ್ಡ್ ಮಾಡ್ಬೇಕು’ ಎಂದಿದ್ದರು. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಮನೆಗೆ ಬರುವಾಗ ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅಪ್ಪ ಬಹಳ ಹೊತ್ತು ಪೆಡಲ್ ತುಳಿದು ಆಮೇಲೆ ಹೇಳಿದ.

“ಮೇಷ್ಟ್ರು ಯಾವತ್ತೂ ಬಾಕ್ಸ್ ಎತ್ತಿಲ್ಲ ಅನ್ಸುತ್ತೆ ಕಣವ್ವ. ಮೋಲ್ಡ್ ಮಾಡೋದಂದ್ರೆ ಮಾಲನ್ನ ಹಿಡ್ದು ಅದುಮೋದಲ್ಲ. ಅದುಕ್ಕೆ ಜಾಗ ಬುಡೋದು.”

ನನಗೆ ಆಗ ಅರ್ಥವಾಗಲಿಲ್ಲ. ಬೈಗುಳ ತಪ್ಪಿತಲ್ಲ ಎಂಬುದಷ್ಟೇ ಸಮಾಧಾನ.

ಅಪ್ಪ ಒಂದು ದಿನ ಬಳಸಿ ಬಿಟ್ಟ ಮರಳನ್ನು ಒಂದು ಡಬ್ಬಿಯಲ್ಲಿ ತಂದುಕೊಟ್ಟ; ಜೊತೆಗೆ ಹಲ್ಲು ಮುರಿದು ಉಪಯೋಗಕ್ಕೆ ಬಾರದ, ಅಂಗೈಯಗಲದ ಮರದ ಚಕ್ರವೊಂದನ್ನು. ಅಂದಿನಿಂದ ಹಿತ್ತಲು ನನ್ನ ಫೌಂಡ್ರಿಯಾಯಿತು. ಮರಳು ತುಂಬಿ, ಒನಕೆಯ ತುಂಡಿನಲ್ಲಿ ಕುಟ್ಟಿ, ಚಕ್ರವನ್ನು ಒತ್ತಿ ತೆಗೆದು, ಉರಿದುಳಿದ ಮೇಣದಬತ್ತಿಗಳನ್ನು ಕರಗಿಸಿ ಹುಯ್ಯುತ್ತಿದ್ದೆ. ಮೊದಲ ಹತ್ತು ಸಲ ಅಂಚು ಕುಸಿಯಿತು. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದನೇ ಹೊರತು ಕೈ ಹಾಕುತ್ತಿರಲಿಲ್ಲ. ಮರದ ಚಕ್ರವನ್ನು ಎತ್ತುವ ಮುಂಚೆ ಮೆಲ್ಲಗೆ ತಟ್ಟಬೇಕು, ಆಗ ಮರಳು ಬಿಟ್ಟುಕೊಡುತ್ತದೆ ಎಂಬುದನ್ನು ನಾನೇ ಕಂಡುಕೊಂಡೆ. ಅವನು ಮಾತಿನಲ್ಲಿ ಕಲಿಸಿದ್ದು ಒಂದೇ ಒಂದು.

“ಮೋಲ್ಡಲ್ಲಿ ನೀರು ನಿಲ್ಬಾರ್ದು. ನೀರು ನಿಂತಿರೋ ಕಡೆ ಬಿಸಿದು ಹುಯ್ದ್ರೆ ಅದು ವಾಪಸ್ ನಿನ್ ಮುಖುಕ್ಕೇ ಬರುತ್ತೆ.”

ಇದನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ, ನನಗದು ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು. ಆಮೇಲೆ ಒಂದು ಮಳೆಗಾಲದ ಕೊನೆಯಲ್ಲಿ ಅದರ ಫಲವನ್ನು ಕಣ್ಣಾರೆ ಕಂಡೆ. ಫೌಂಡ್ರಿಯ ಶೀಟು ಸೋರಿ, ಕಟ್ಟಿಟ್ಟಿದ್ದ ಒಂದು ಮೋಲ್ಡಿನೊಳಕ್ಕೆ ನೀರು ಇಳಿದಿತ್ತಂತೆ. ಯಾರೂ ನೋಡಿರಲಿಲ್ಲ. ಕಬ್ಬಿಣ ಹುಯ್ದ ಕೂಡಲೆ ಸಿಡಿದು, ಪಕ್ಕದಲ್ಲಿ ನಿಂತಿದ್ದ ಅಪ್ಪನ ಎಡಗೈ ಮೊಣಕೈಯಿಂದ ಕಿರುಬೆರಳಿನವರೆಗೂ ಸುಟ್ಟಿತು. ಜೊತೆಯವರು ಅವನನ್ನು ಆಟೋದಲ್ಲಿ ಮನೆಗೆ ಕರೆತಂದಾಗ ಬ್ಯಾಂಡೇಜಿನ ಮೇಲೆಲ್ಲ ಹಳದಿ ಮುಲಾಮು. ಅಪ್ಪ ನಗುತ್ತಲೇ ಒಳಗೆ ಬಂದ. ಮೂರು ವಾರ ಅವನು ಕೆಲಸಕ್ಕೆ ಹೋಗಲಿಲ್ಲ. ಅನ್ನ ಕಲಸುವಾಗ ತಟ್ಟೆ ಜಾರದಂತೆ ನಾನು ಹಿಡಿದುಕೊಳ್ಳುತ್ತಿದ್ದೆ. ಹತ್ತಿರ ಕೂತರೆ ಆ ಮುಲಾಮಿನ ವಾಸನೆ. ಇವತ್ತಿಗೂ ಯಾವುದಾದರೂ ಆಸ್ಪತ್ರೆಯಲ್ಲಿ ಆ ವಾಸನೆ ಬಂದರೆ ನಾನು ಎದ್ದು ಹೊರಗೆ ಹೋಗಿ ನಿಲ್ಲುತ್ತೇನೆ.

ಆ ಮೂರು ವಾರದಲ್ಲಿ ಅಪ್ಪ ನಮ್ಮಿಬ್ಬರಿಂದಲೂ ಆಣೆ ಹಾಕಿಸಿಕೊಂಡ. ಕೊತ್ತಗೆರೆಗೆ ಈ ಸುದ್ದಿ ಹೋಗಕೂಡದು. ಕುಣಿಗಲ್ ಕಡೆಯ ಆ ಊರಿನಲ್ಲಿ ನನ್ನ ಅಜ್ಜಿ, ಅಪ್ಪನ ತಾಯಿ, ಚಿಕ್ಕಪ್ಪನ ಸಂಸಾರದ ಜೊತೆ ಇದ್ದಳು. ತೆಂಗಿನ ತೋಟ, ರಾಗಿ ಹೊಲ, ನಾಲ್ಕು ದನ, ಎಲ್ಲಕ್ಕೂ ಅವಳೇ ಯಜಮಾನಿ. ಅಪ್ಪ ಹೊಲ ಬಿಟ್ಟು ಫೌಂಡ್ರಿ ಸೇರುತ್ತೇನೆಂದಾಗ ಅವಳು ‘ಬೆಂಕಿ ತಾವ ಕೂಲಿಗೋಯ್ತೀಯೇನ್ಲಾ’ ಎಂದು ಕೇಳಿ ಒಂದು ವರ್ಷ ಮಾತು ಬಿಟ್ಟಿದ್ದಳಂತೆ. ಕೈ ಸುಟ್ಟ ಸುದ್ದಿ ತಿಳಿದರೆ ಗಾಡಿ ಕಟ್ಟಿಸಿಕೊಂಡು ಬಂದು ಪಾತ್ರೆಪಡಗದ ಸಮೇತ ನಮ್ಮನ್ನು ಎತ್ತಿಕೊಂಡು ಹೋಗುವಂಥ ಹೆಂಗಸು. ಅದಕ್ಕೇ ಆ ದೀಪಾವಳಿಗೆ ನಾವು ಊರಿಗೆ ಹೋಗಲಿಲ್ಲ. ರಜ ಇಲ್ಲ ಎಂದು ಅಪ್ಪ ಕಾರ್ಡು ಬರೆದ.

ಅಜ್ಜಿಗೆ ನನ್ನ ಮೇಲೂ ಒಂದು ಕಣ್ಣಿತ್ತು. ಹಿಂದಿನ ಸಲ ಬಂದಾಗ ನಾನು ಮೊಣಕೈತನಕ ಕಪ್ಪು ಮರಳಲ್ಲಿ ಮುಳುಗಿದ್ದನ್ನು ನೋಡಿ, ಅವಳು ಅಮ್ಮನ ಕಡೆ ತಿರುಗಿ, ಬೆಳೆಯೋ ಹೆಣ್ಣುಮಗಳನ್ನು ಲಾರಿ ಓಡಾಡೋ ಬೀದಿಯಲ್ಲಿ, ಹೀಗೆ ಮಣ್ಣಾಡಿಕೊಂಡಿರಲು ಬಿಟ್ಟಿದ್ದೀಯಲ್ಲ ಎಂದಿದ್ದಳು. ಏಳನೇ ಕ್ಲಾಸು ಮುಗಿದ ಕೂಡಲೆ ಕೊತ್ತಗೆರೆಗೆ ಕರೆದುಕೊಂಡು ಹೋಗಿ, ಮನೆಕೆಲಸ ಕಲಿಸಿ, ತಾನೇ ಸಾಕುತ್ತೇನೆ ಎಂಬುದು ಅವಳ ತೀರ್ಮಾನ. ಅಪ್ಪ ಒಂದು ಸಲ ಅವಳ ಮಾತು ಮೀರಿದವನು, ಎರಡನೇ ಸಲ ಮೀರುವ ಧೈರ್ಯ ಅವನಿಗಿರಲಿಲ್ಲ. ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಅಜ್ಜಿ ಬರುವುದಾಗಿಯೂ, ಆಗ ಇದನ್ನು ಇತ್ಯರ್ಥ ಮಾಡುವುದಾಗಿಯೂ ಚಿಕ್ಕಪ್ಪನ ಕೈಯಲ್ಲಿ ಕಾಗದ ಬರೆಸಿದ್ದಳು. ನನಗೆ ಕೊತ್ತಗೆರೆ ಇಷ್ಟವೇ. ತೋಟ, ಎಳನೀರು, ಕರು ಎಲ್ಲ ಇಷ್ಟ. ಆದರೆ ಅಪ್ಪ ಸಂಜೆ ಸೈಕಲ್ ಒರಗಿಸುವ ಹೊತ್ತಿಗೆ ನಾನು ತುಮಕೂರಿನಲ್ಲಿರುವುದಿಲ್ಲ ಎಂಬುದನ್ನು ಮಾತ್ರ ನೆನೆಸಿಕೊಳ್ಳಲಾಗುತ್ತಿರಲಿಲ್ಲ.

ಅಮ್ಮ ಸುಮ್ಮನೆ ಕೂರುವವಳಲ್ಲ. ಆ ವರ್ಷವೇ ಗುಬ್ಬಿಯ ಅವಳ ತವರಿನಿಂದ ಒಂದು ಬಟ್ಟೆಗಂಟು ಬಂದಿತ್ತು. ಒಳಗೆ ಸಕ್ಕರೆ ಅಚ್ಚಿನ ಎಂಟು ಜೊತೆ ಮರದ ಪಡಿಗಳು: ಗಿಳಿ, ಮೀನು, ಆನೆ, ತುಳಸಿಕಟ್ಟೆ, ಇನ್ನೂ ನಾಲ್ಕು. ಎರಡು ಹೋಳು ಸೇರಿಸಿ ದಾರದಲ್ಲಿ ಕಟ್ಟಿ, ಮೇಲಿನ ತೂತಿನಿಂದ ಪಾಕ ಹುಯ್ದು ಬಿಚ್ಚಿದರೆ ಒಳಗೆ ಬಿಳೀ ಸಕ್ಕರೆ ಗೊಂಬೆ. ಸಂಕ್ರಾಂತಿಗೆ ಹೆಣ್ಣುಮಕ್ಕಳು ಮನೆಮನೆಗೆ ಎಳ್ಳು ಬೀರುವಾಗ ತಟ್ಟೆಯಲ್ಲಿ ಅದು ಇರಲೇಬೇಕು. ಅಲ್ಲಿಯತನಕ ನಾವು ಅಂಗಡಿಯಿಂದ ತರುತ್ತಿದ್ದೆವು. ಮನೆಯಲ್ಲಿ ಮಾಡುವುದನ್ನು ನಾನು ನೋಡಿಯೇ ಇರಲಿಲ್ಲ. ಅಮ್ಮನ ಅಜ್ಜಿಯ ಕಾಲದ ಆ ಪಡಿಗಳನ್ನು ಅವಳು ಮುಟ್ಟುವಾಗ ಕೈ ತೊಳೆದುಕೊಳ್ಳುತ್ತಿದ್ದಳು.

“ನಿಮ್ಮಜ್ಜಿ ಎದುರಿಗೆ ನೀನೇ ಅಚ್ಚು ಹಾಕ್ಬೇಕು. ನಾನು ಬೆರಳೂ ಮುಟ್ಸಲ್ಲ. ತುಮಕೂರಲ್ಲಿ ಇವಳು ಏನೂ ಕಲ್ತಿಲ್ಲ ಅಂತಾರಲ್ಲ, ನೋಡ್ಲಿ,” ಎಂದಳು.

ಅಜ್ಜಿ ಬಂದಳು. ಒಂದು ಮೂಟೆ ರಾಗಿ ಹಿಟ್ಟು, ಅವರೇಕಾಯಿ, ಎಂಟು ತೆಂಗಿನಕಾಯಿ. ಅಪ್ಪ ಚಳಿಯ ನೆಪದಲ್ಲಿ ತುಂಬುತೋಳಿನ ಅಂಗಿ ಹಾಕಿಕೊಂಡು ಓಡಾಡಿದ. ಶನಿವಾರ ನಸುಕಿಗೇ ಅವನು ಪಾಳಿಗೆ ಹೊರಟ, ಅಮ್ಮ ನಲ್ಲಿಯ ಸರದಿಗೆ ಹೋದಳು. ನಾನು ಎದ್ದು ಅಡುಗೆಮನೆಗೆ ಬಂದರೆ ದೊಡ್ಡ ಪಾತ್ರೆಯ ನೀರಿನಲ್ಲಿ ಎಂಟೂ ಜೊತೆ ಪಡಿಗಳು ಮುಳುಗಿ ಕೂತಿವೆ. ರಾತ್ರಿ ಅಮ್ಮ ಹಾಕಿಟ್ಟಿದ್ದಳು. ಬೆಳಿಗ್ಗೆ ತೆಗೆದು ಕಟ್ಟಿಡು ಎಂದಷ್ಟೇ ನನಗೆ ಹೇಳಿದ್ದಳು. ಅಪ್ಪನ ಕೈ ಕಣ್ಣ ಮುಂದೆ ಬಂತು. ಕುದಿಯುವ ಪಾಕ ಹುಯ್ಯುವಾಗ ಅಮ್ಮ ಪಕ್ಕದಲ್ಲೇ ಬಗ್ಗಿ ನೋಡುತ್ತಿರುತ್ತಾಳೆ; ಅವಳಿಗೆ ಮೋಲ್ಡಿನ ವಿಷಯ ಏನೇನೂ ಗೊತ್ತಿಲ್ಲ. ಪಡಿಗಳನ್ನು ಒಂದೊಂದಾಗಿ ತೆಗೆದು, ಬಟ್ಟೆಯಲ್ಲಿ ಒರೆಸಿ, ಬಚ್ಚಲ ಹಂಡೆಯ ಒಲೆಯ ಮುಂದೆ ಸಾಲಾಗಿ ನಿಲ್ಲಿಸಿದೆ. ಒಂದು ಮಗ್ಗುಲು ಕಾದ ಮೇಲೆ ಇನ್ನೊಂದು ಮಗ್ಗುಲು ತಿರುಗಿಸಿದೆ. ಗಿಳಿಯ ಕೊಕ್ಕಿನ ಸಂದಿಯ ನೀರನ್ನು ಊದಿ ತೆಗೆದೆ. ಅಮ್ಮ ನಲ್ಲಿಯಿಂದ ಬಂದ ಮೇಲೆ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿದೆ ಎಂಬ ಜಂಬ. ಚೆನ್ನಾಗಿ ಒಣಗಿದ ಪಡಿಗಳನ್ನು ಜೋಡಿಸಿ ದಾರ ಸುತ್ತಿ ಮಣೆಯ ಮೇಲಿಟ್ಟೆ.

ಅಜ್ಜಿ ಒಲೆಯ ಎದುರಿಗೆ ಗೋಡೆಗೊರಗಿ ಕೂತಳು. ಅಮ್ಮ ಕೊಟ್ಟ ಮಾತಿನಂತೆ ಬಾಗಿಲಲ್ಲಿ ಕೈಕಟ್ಟಿ ನಿಂತಳು. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಸಣ್ಣ ಬಾಣಲೆಯಲ್ಲಿ ಸ್ವಲ್ಪಸ್ವಲ್ಪವೇ ಹಾಕಿಕೊಂಡು, ಅದು ಬೆಳ್ಳಗೆ ಮಂಕಾಗುವತನಕ ಕೈಯಾಡಿಸಿ, ಎಂಟಕ್ಕೂ ಹುಯ್ದೆ. ಒಂದು ಹನಿಯೂ ಸಿಡಿಯಲಿಲ್ಲ. ನಾನು ಹೆಮ್ಮೆಯಿಂದ ಅಮ್ಮನ ಕಡೆ ನೋಡಿದೆ. ಆರಿದ ಮೇಲೆ ಮೊದಲ ದಾರ ಬಿಚ್ಚಿ ಹೋಳುಗಳನ್ನು ಎಳೆದರೆ ಅವು ಬಿಡಲೇ ಇಲ್ಲ. ತಟ್ಟಿದೆ. ಜಗ್ಗಿದೆ. ಕೊನೆಗೆ ಚಟ್ ಎಂದು ಬಿಟ್ಟಿತು, ಗಿಳಿಯ ತಲೆ ಒಂದು ಹೋಳಿನಲ್ಲಿ, ಬಾಲ ಇನ್ನೊಂದರಲ್ಲಿ. ಎರಡನೆಯದೂ ಹಾಗೇ. ಮೂರನೆಯದನ್ನು ಅಜ್ಜಿ ಕಸಿದುಕೊಂಡು ಚಾಕು ಹಾಕಿ ಮೀಟಿದಳು. ಒಲೆಯ ಶಾಖಕ್ಕೆ ಬಿರಿದಿದ್ದ ಮರ ಎರಡಾಗಿ ಸೀಳಿತು. ಎಂಟರಲ್ಲಿ ಒಂದೂ ಇಡಿಯಾಗಿ ಬರಲಿಲ್ಲ. ಮೂರು ಪಡಿಗಳು ಹೋದವು.

ಅಮ್ಮ ಬಂದು ಸೀಳಿದ ಹೋಳನ್ನು ಕೈಗೆತ್ತಿಕೊಂಡಳು. ಅದರ ಒಣಗಿದ ಮೈ ಮೇಲೆ ಹೆಬ್ಬೆರಳಾಡಿಸಿ ನನ್ನ ಮುಖ ನೋಡಿದಳು. ಅವಳಿಗೆ ತಿಳಿದುಹೋಯಿತು ಎಂಬುದು ನನಗೆ ತಿಳಿಯಿತು. ನೆಲ ಬಿರಿದು ನುಂಗಬಾರದೆ ಎನಿಸಿತು.

“ನೆನೆಸಿದ್ದು ಸಾಲ್ಲಿಲ್ಲ ಅತ್ತೆ. ನಂದೇ ತಪ್ಪು,” ಎಂದಳು ಅಮ್ಮ.

“ತಪ್ಪು ಯಾರ್ದಾದ್ರೇನವ್ವ,” ಎಂದಳು ಅಜ್ಜಿ. “ಕಲ್ಸೋರ್ಗೇ ಬರ್ದಿದ್ರೆ ಮಗು ಏನ್ ಕಲ್ತಾತು. ಪರೀಕ್ಸೆ ಮುಗೀಲಿ, ನಾನೇ ಬಂದು ಕರ್ಕೊಂಡೋಯ್ತೀನಿ.”

ಅಮ್ಮ ಚೂರುಗಳನ್ನೆಲ್ಲ ಒಂದು ಪಾತ್ರೆಗೆ ಗೋರಿ, ಸೀಳಿದ ಪಡಿಗಳನ್ನು ಅದೇ ಗುಬ್ಬಿಯ ಬಟ್ಟೆಯಲ್ಲಿ ಕಟ್ಟಿ ಮೇಲಿಟ್ಟಳು. ನಾನು ಬಾಯಿ ಬಿಡಲಿಲ್ಲ. ಹೆಡ್‌ಮಾಸ್ಟರು ಹೇಳಿದ ಆ ಜಾಸ್ತಿ ಬಾಯಿ ಅವತ್ತು ಎಲ್ಲಿ ಹೋಗಿತ್ತೋ.

ಮಧ್ಯಾಹ್ನ ಅಪ್ಪ ಬಂದಾಗ ಹಿತ್ತಲಿಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದೆ. ಅಳು ತಡೆಯಲಾಗಲಿಲ್ಲ.

“ಯಾಕೆ ಒಣಗಿಸ್ದೆ?”

“ಅಮ್ಮನ ಮುಖುಕ್ಕೆ ಸಿಡಿಯುತ್ತೆ ಅಂತ.”

ಅಪ್ಪ ಬಲಗೈಯಿಂದ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದ. ಮರಕ್ಕೆ ಬಾಯಾರಿಕೆ ಇರುತ್ತದೆ. ಒಣಗಿದ್ದರೆ ಪಾಕವನ್ನೇ ಕುಡಿದು ಹಿಡಿದುಕೊಳ್ಳುತ್ತದೆ. ಮೊದಲೇ ನೀರು ಕುಡಿಸಿದ್ದರೆ ಪಾಕದ ತಂಟೆಗೆ ಹೋಗುವುದಿಲ್ಲ. ಸಕ್ಕರೆಯ ಶಾಖ ಕಬ್ಬಿಣದ ಶಾಖವಲ್ಲ, ಸಿಡಿಯುವುದಿಲ್ಲ.

“ನಾನು ನನ್ ಕೆಲ್ಸದ ಮಾತು ಹೇಳ್ದೆ ಕಣವ್ವ. ಎಲ್ಲಾ ಮೋಲ್ಡಿಗೂ ಅದೇ ಮಾತು ಅಂತ ನೀನು ತಿಳ್ಕೊಂಡೆ. ನಿಮ್ಮಮ್ಮನ್ ಕೆಲ್ಸ ನಿಮ್ಮಮ್ಮನ್ನ ಕೇಳ್ಬೇಕು.”

ನಾನು ಮೂಗು ಒರೆಸಿಕೊಂಡು ಯೋಚಿಸುತ್ತ ಕೂತೆ. ಮರದ ಪಡಿಗಳು ಇನ್ನು ಈ ಹಬ್ಬಕ್ಕೆ ಬರುವಂತಿರಲಿಲ್ಲ. ಉಳಿದ ಐದರಲ್ಲೂ ಸಕ್ಕರೆ ಕಚ್ಚಿಕೊಂಡಿತ್ತು. ಹಿತ್ತಲ ಮರಳಿನಲ್ಲಿ ತಿನ್ನುವ ಪದಾರ್ಥ ಹುಯ್ಯುವಂತಿಲ್ಲ. ಆದರೆ ಮರಳಿನ ಹಾಗೆ ಒತ್ತಿದರೆ ಕೂರುವ, ತಿಂದರೂ ತೊಂದರೆಯಿಲ್ಲದ ಒಂದು ವಸ್ತು ಅಜ್ಜಿಯೇ ಹೊರೆಸಿಕೊಂಡು ಬಂದ ಮೂಟೆಯಲ್ಲಿತ್ತು.

“ಅಪ್ಪ, ರಾಗಿ ಹಿಟ್ಟಲ್ಲಿ ಬಾಕ್ಸ್ ಕಟ್ಟಿದ್ರೆ?”

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. “ಹಿಟ್ಟು ತೇವ ಇದ್ರೆ ಅಂಟಾಗುತ್ತೆ.”

“ಬಾಣಲೇಲಿ ಬಿಸಿ ಮಾಡಿ ಒಣಗಿಸ್ತೀನಿ.”

“ಇಲ್ಲಿ ನಿನ್ ಒಣಗ್ಸೋದು ಸರಿಹೋಗುತ್ತೆ,” ಎಂದ. ಅವತ್ತು ಮೊದಲ ಸಲ ನಗು ಬಂತು ನನಗೆ.

ಮರುದಿನ ಭಾನುವಾರ, ಅಪ್ಪನಿಗೆ ರಜ. ಅಮ್ಮನಿಗೆ ಹೇಳಿದ್ದಕ್ಕೆ ಅವಳು ಬೈಯದೆ ಒಡೆದ ಚೂರುಗಳನ್ನೆಲ್ಲ ನೀರು ಹಾಕಿ ಮತ್ತೆ ಕರಗಲಿಟ್ಟಳು. ನಾನು ಹಿಟ್ಟನ್ನು ಬೆಚ್ಚಗೆ ಹುರಿದು, ಆರಿಸಿ, ಜರಡಿ ಹಿಡಿದು, ಅಂಚು ಎತ್ತರದ ದೊಡ್ಡ ತಟ್ಟೆಗೆ ತುಂಬಿ, ಲೋಟದ ತಳದಿಂದ ಒತ್ತಿ, ಸ್ಕೂಲಿನ ಅಡಿಪಟ್ಟಿಯಿಂದ ಮಟ್ಟ ಮಾಡಿದೆ. ಹಲ್ಲು ಮುರಿದ ಮರದ ಚಕ್ರ ತೊಳೆದು ಒಣಗಿಸಿ ಒತ್ತಿದೆ, ಮೆಲ್ಲಗೆ ತಟ್ಟಿ ಎತ್ತಿದೆ. ಹಲ್ಲುಗಳೆಲ್ಲ ಹಾಗೇ ಮೂಡಿದವು. ಮನೆಯ ಬೀಗದ ಕೈ, ಕುಂಕುಮದ ಭರಣಿಯ ಮುಚ್ಚಳ, ಅಪ್ಪನ ಸೈಕಲ್ಲಿನ ಒಂದು ನಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದೆ. ಇನ್ನೂ ಒಂದಕ್ಕೆ ಜಾಗ ಉಳಿದಿತ್ತು. ಅಜ್ಜಿಯ ಎಲೆಯಡಿಕೆ ಚೀಲದಲ್ಲಿ ಹೂವಿನಂತೆ ಕೆತ್ತಿದ ಹಿತ್ತಾಳೆಯ ಸುಣ್ಣದ ಡಬ್ಬಿ ಇತ್ತು. ಅದನ್ನು ಕೊಡು ಎಂದೆ.

“ಅನ್ನದಿಟ್ಟಲ್ಲಿ ಆಟ ಆಡ್ತಿದೀಯಲ್ಲ, ನೆನ್ನೆ ಮುರ್ದಿದ್ದು ಸಾಲ್ದೇನೆ,” ಎಂದಳು ಅಜ್ಜಿ. “ಎಲ್ಲಾ ನಿಮ್ಮಮ್ಮನ್ ಸಲಿಗೆ. ಒಂದು ಅಚ್ಚು ನೆನಾಕಕ್ಕೆ ಬರಾಕಿಲ್ಲ ಅವಳ್ಗೆ.”

ಅಮ್ಮ ಬಾಣಲೆಯ ಕಡೆ ಮುಖ ತಿರುಗಿಸಿಕೊಂಡಳು. ಅವಳ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಇನ್ನು ನನ್ನ ಕೈಲಿ ಆಗಲಿಲ್ಲ.

“ಅಮ್ಮ ಸರಿಯಾಗೇ ನೆನೆಸಿದ್ಲು ಅಜ್ಜಿ. ನೀರಿಂದ ತೆಗ್ದು ಒಲೆ ಮುಂದೆ ಒಣಗಿಸಿದ್ದು ನಾನು.”

“ಯಾಕೆ?”

“ಅಪ್ಪನ ಕೈ ಸುಟ್ಟಿದ್ದು ಹಂಗೇ ಅಲ್ವಾ. ಮೋಲ್ಡಲ್ಲಿ ನೀರಿತ್ತು.”

ಹೇಳಿದ ಮೇಲೆ ಹೇಳಿದ್ದೇನೆಂದು ಗೊತ್ತಾಯಿತು. ಆಣೆ ಮುರಿದಿದ್ದೆ. 'ಆಯ್ತು, ಇನ್ನು ನನ್ನನ್ನಷ್ಟೇ ಅಲ್ಲ, ಎಲ್ಲರನ್ನೂ ಕೊತ್ತಗೆರೆಗೆ ಹೊರಡಿಸುತ್ತಾಳೆ' ಎಂದುಕೊಂಡೆ. ರಸ್ತೆಯಲ್ಲಿ ಲೋಡ್ ಲಾರಿಯೊಂದು ಹೋಗಿ ಲೋಟಗಳು ಸದ್ದು ಮಾಡಿ ನಿಂತವು.

“ಪುಟ್ಟಸಾಮಿ, ಬಾಲಾ ಇಲ್ಲಿ,” ಎಂದಳು ಅಜ್ಜಿ. ಅಪ್ಪ ಸಣ್ಣ ಹುಡುಗನ ಹಾಗೆ ಅವಳ ಮುಂದೆ ಹೋಗಿ ಕೂತ. ಅವಳು ಅವನ ಎಡತೋಳಿನ ಗುಂಡಿ ಬಿಚ್ಚಿ, ಅಂಗಿಯನ್ನು ಮಡಚುತ್ತ ಮಡಚುತ್ತ ಮೊಣಕೈತನಕ ಏರಿಸಿದಳು. ಹೊಸ ಚರ್ಮ ಕೆಂಪಗೆ, ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು. ಅಜ್ಜಿ ಅದನ್ನು ಮುಟ್ಟಲಿಲ್ಲ. ಅಂಗೈಯನ್ನು ಅದರ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ಹಿಡಿದು, ಮೇಲಿನಿಂದ ಕೆಳಕ್ಕೆ ಒಮ್ಮೆ ತಂದಳು.

“ಎಷ್ಟು ದಿನಾತು?”

“ಎರಡು ತಿಂಗ್ಳಾತವ್ವ.”

“ನೋವದಾ?”

“ಈಗಿಲ್ಲ.”

ಅವಳು ಎದ್ದು ಹೊರಗಿನ ಜಗುಲಿಯ ಮೇಲೆ ಹೋಗಿ, ರಸ್ತೆಯ ಕಡೆ ಮುಖ ಮಾಡಿ ಕೂತಳು. ಅಪ್ಪ ಅಂಗಿಯ ತೋಳನ್ನು ಇಳಿಸಲೂ ಇಲ್ಲ, ನನ್ನನ್ನು ನೋಡಲೂ ಇಲ್ಲ. ನನಗೆ ಸತ್ತುಹೋದರೆ ಸಾಕು ಎನಿಸುತ್ತಿತ್ತು. ಆಗ ಅಮ್ಮ ಒಲೆಯ ಮುಂದಿನಿಂದ, ಏನೂ ಆಗಿಲ್ಲವೆಂಬಂತೆ ಹೇಳಿದಳು.

“ಪಾಕ ಬಂದದೆ. ಅದು ಯಾರಿಗೂ ಕಾಯಲ್ಲ.”

“ಹುಯ್ಯವ್ವ,” ಎಂದ ಅಪ್ಪ.

ನಾನು ಬಾಣಲೆ ಹಿಡಿದು ತಟ್ಟೆಯ ಮೇಲೆ ಬಗ್ಗಿದೆ. ಅಷ್ಟರಲ್ಲಿ ಹಿಂದಿನಿಂದ ಬಳೆ ಸದ್ದಾಯಿತು. ಅಜ್ಜಿ ನನ್ನ ಪಕ್ಕಕ್ಕೆ ಮಂಡಿಯೂರಿ ಕೂತಳು. ಸುಣ್ಣದ ಡಬ್ಬಿಯನ್ನು ತೊಳೆದು ಸೆರಗಿನಲ್ಲಿ ಒರೆಸಿಕೊಂಡು ಬಂದಿದ್ದಳು.

“ತಡಿ. ಇದೂ ಒಂದು ಇರ್ಲಿ. ಎಂಗೆ ಒತ್ಬೇಕು?”

“ನೇರಕ್ಕೆ ಒತ್ತು ಅಜ್ಜಿ. ಎತ್ತೋಕ್ಮುಂಚೆ ಮೆಲ್ಲಗೆ ತಟ್ಟು.”

ಅವಳು ಒತ್ತಿ, ತಟ್ಟಿ, ಎತ್ತಿದಳು. ನನಗಿಂತ ಚೆನ್ನಾಗಿ ಎತ್ತಿದಳು ಎಂಬುದನ್ನು ಒಪ್ಪಿಕೊಳ್ಳಬೇಕು. ನಾನು ಐದಕ್ಕೂ ಹುಯ್ದೆ. ಆರಿದ ಮೇಲೆ ಹಿಟ್ಟಿನಿಂದ ಬಿಡಿಸಿ, ಬಟ್ಟೆಯಿಂದ ಒರೆಸಿದರೆ ಒಂದೂ ಮುಕ್ಕಾಗಿರಲಿಲ್ಲ. ಬೆಳ್ಳಗಿರಬೇಕಾದ ಮೈ ತುಸು ಕಂದು, ಬೆನ್ನು ಚಪ್ಪಟೆ. ಅಪ್ಪ ಸಕ್ಕರೆಯ ನಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ ಮಾಲು ಪಾಸ್ ಎಂದ. ಆ ಬೆಳಿಗ್ಗೆ ಇನ್ನೂ ಆರು ತಟ್ಟೆ ಹಾಕಿದೆವು. ಜರಡಿ ಹಿಡಿದು ಉಳಿಸಿದ ಹಿಟ್ಟಿನಲ್ಲೇ ಅಮ್ಮ ಮಧ್ಯಾಹ್ನಕ್ಕೆ ಮುದ್ದೆ ತೊಳಸಿದಳು; ಅವರೇಕಾಯಿ ಸಾರಿನ ಜೊತೆ ಆ ಸಿಹಿಮುದ್ದೆಯನ್ನು ಯಾರೂ ಚಕಾರವೆತ್ತದೆ ನುಂಗಿದೆವು.

ಊಟ ಮುಗಿಸಿ ಎಲೆಗೆ ಸುಣ್ಣ ಸವರುತ್ತ ಅಜ್ಜಿ ಅಪ್ಪನನ್ನು ಕೇಳಿದಳು.

“ಎರಡು ತಿಂಗ್ಳು ನಂಗೆ ಗೊತ್ತಾಗ್ದಂಗೆ ಮುಚ್ಚಿಟ್ಯಲ್ಲೋ. ಇವಳೂ ಮುಚ್ಚಿಟ್ಲು.” ಅಮ್ಮನ ಕಡೆ ಗಲ್ಲ ತೋರಿಸಿದಳು. “ಈ ಹುಡುಗಿ ಕೈಲಿ ಮಾತ್ರ ಆಗ್ಲಿಲ್ಲ.”

“ಮಗು ಅವ್ವ, ಬಾಯಿ ತಪ್ಪಿ ಅಂದ್ಲು,” ಎಂದ ಅಪ್ಪ.

“ಅನ್ಲಿ. ಅನ್ನೋರು ಒಬ್ರು ಬೇಕು ನಿಮ್ಮನೇಲಿ. ಇವಳ್ನ ನಾನು ಊರಿಗೆ ಕರ್ಕೊಂಡೋದ್ರೆ ನಿನ್ ಸಮಾಚಾರ ನಂಗ್ಯಾರು ಯೋಳ್ತಾರೆ? ಓದ್ಕೊಂಡು ಇಲ್ಲೇ ಇರ್ಲಿ ಬುಡು.” ಆಮೇಲೆ ನನ್ನ ಕಡೆ ತಿರುಗಿದಳು. “ವಾರ ವಾರ ಒಂದು ಕಾರ್ಡ್ ಬರೀಬೇಕು ಕಣೇ ಸಾರ್ದಿ. ನಿಮ್ಮಪ್ಪ ಯೋಳಿದ್ದಲ್ಲ, ನೀನು ನೋಡಿದ್ದು. ನಿಮ್ ಚಿಕ್ಕಪ್ಪನ್ ಕೈಲಿ ಓದಿಸ್ಕೊತೀನಿ.”

ಅಮ್ಮ ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದಳು. ನಾನು ಹಿತ್ತಲಿಗೆ ಓಡಿಹೋಗಿ ಮನಸಾರೆ ಅತ್ತೆ. ಅಷ್ಟು ಸಂತೋಷ ನನಗೆ ಆಮೇಲೆ ಡಿಗ್ರಿ ಬಂದಾಗಲೂ ಆಗಲಿಲ್ಲ. ಹಬ್ಬದ ಸಂಜೆ ದನಗಳನ್ನು ಕಿಚ್ಚು ಹಾಯಿಸಬೇಕೆಂದು ಅಜ್ಜಿ ಹಿಂದಿನ ದಿನವೇ ಕುಣಿಗಲ್ ಬಸ್ಸು ಹತ್ತಿದಳು. ಹಬ್ಬದ ಸಂಜೆ ನಾನು ಲಂಗ ಉಟ್ಟು ವಠಾರಕ್ಕೆಲ್ಲ ಎಳ್ಳು ಬೀರಿದೆ. ಮೋಲ್ಡ್ ಮನೆಯವರು ತಟ್ಟೆಯಲ್ಲಿದ್ದ ಕಂದು ಬಣ್ಣದ ಬೀಗದ ಕೈಯನ್ನು ನೋಡಿ ಇದೇನಮ್ಮ ಇದು ಎಂದರು. ರಾಗಿ ಮೋಲ್ಡಿಂದು, ತಿನ್ನಿ ಎಂದೆ.

ಹಬ್ಬದ ಮುಂದಿನ ಭಾನುವಾರ ಹಾಲಿನಲ್ಲಿ ಬೋರಲಾಗಿ ಮಲಗಿ ಮೊದಲ ಕಾರ್ಡು ಬರೆದೆ. ಅಪ್ಪ ಪಕ್ಕದಲ್ಲಿ ಕೂತು, ಎಲ್ಲರೂ ಕ್ಷೇಮ ಅಂತ ಬರಿ, ಕೈ ಪೂರ್ತಿ ವಾಸಿಯಾಗಿದೆ ಅಂತ ಬರಿ, ಎಂದು ಹೇಳುತ್ತಲೇ ಇದ್ದ. ನಾನು ಕಾರ್ಡಿಗೆ ಕೈ ಮರೆಮಾಡಿಕೊಂಡು ಬರೆದದ್ದು ಇಷ್ಟು:

“ಅಜ್ಜಿಗೆ ಶಾರದೆ ಮಾಡುವ ನಮಸ್ಕಾರಗಳು. ನಾವು ಕ್ಷೇಮ. ಅಪ್ಪನ ಕೈ ವಾಸಿಯಾಗುತ್ತಾ ಇದೆ. ಆದರೆ ಕಿರುಬೆರಳು ಇನ್ನೂ ಮಡಚುವುದಕ್ಕೆ ಬರುವುದಿಲ್ಲ. ಇದನ್ನು ಬರೆಯಬೇಡ ಎಂದು ಅಪ್ಪ ಹೇಳಿದ. ಬರೆದಿದ್ದೇನೆ.”